ಹಾಸನದ ಬೋರ್ಡಿಲ್ಲದ ಸ್ಟುಡಿಯೋ ಮತ್ತು ಒಂದು ಎ4 ಹಾಳೆ

ಹಾಸನದಲ್ಲಿ ರ‍್ಯಾಪ್ ರೆಕಾರ್ಡ್ ಮಾಡಿಸಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ, ಬೆಂಗಳೂರಿಗೆ ಹೋಗಿ ಅಂತ. ಅಷ್ಟು ದೂರ ಬೇಕಿಲ್ಲ. ಸಾಲಗಾಮೆ ರಸ್ತೆಯಲ್ಲಿ ಇಂಜಿನಿಯರಿಂಗ್ ಕಾಲೇಜು ದಾಟಿ ಒಳಗಡೆ ತಿರುಗಿದರೆ ಒಂದು ಮನೆಯ ಮಹಡಿ ಮೇಲೆ ಸ್ಟುಡಿಯೋ ಇದೆ. ಬೋರ್ಡ್ ಇಲ್ಲ, ಹೆಸರೂ ಇಟ್ಟಿಲ್ಲ. ನನ್ನ ಫೋನಿನಲ್ಲಿ ಅದು 'ಮೇಲ್ಗಡೆ ಸ್ಟುಡಿಯೋ'. ನಮ್ಮ ತಂಡದ ಆರು ಹಾಡಿನ ಆಲ್ಬಂ ಅಲ್ಲೇ ಆಯಿತು. ಸೌಂಡ್ ಬಗ್ಗೆ ಹೇಳುವುದಿದೆ, ದರದ ಬಗ್ಗೆಯೂ ಇದೆ. ಆದರೆ ಇದನ್ನು ಬರೆಯುವಷ್ಟು ಹುಮ್ಮಸ್ಸು ಬಂದಿದ್ದು ಅಲ್ಲಿ ಕೊಟ್ಟ ಒಂದು ಎ4 ಹಾಳೆಯಿಂದ.

ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುವವನು. ಹಗಲೆಲ್ಲಾ ಕೋರಲ್‌ಡ್ರಾ ಮುಂದೆ ಕೂತು ಲಗ್ನಪತ್ರಿಕೆ ಮಾಡುತ್ತೇನೆ, ರಾತ್ರಿ ರ‍್ಯಾಪ್ ಸಾಹಿತ್ಯ ಬರೆಯುತ್ತೇನೆ. ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಅನ್ನೋ ಜಾಗ ಇದೆಯಲ್ಲ, ಅಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೆ ಮದುವೆ ಮನೆಯಲ್ಲಿ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಹಾಡಿನ ಕ್ರೆಡಿಟ್ಟೂ ಅಂಥದ್ದೇ. ಒಂದು ವ್ಯತ್ಯಾಸ ಅಂದರೆ ಇಲ್ಲಿ ಹೆಸರಿನ ಜೊತೆ ದುಡ್ಡೂ ಹೋಗುತ್ತೆ.

ಹಾಳೆಯ ವಿಷಯಕ್ಕೆ ಬರುತ್ತೇನೆ. ಬೂತ್ (ಹಾಡಿ ರೆಕಾರ್ಡ್ ಮಾಡುವ ಚಿಕ್ಕ ಕೋಣೆ) ಒಳಗೆ ಕಾಲಿಡುವ ಮುಂಚೆ ಸ್ಟುಡಿಯೋದವರು ಹಾಡಿಗೊಂದರಂತೆ ಒಂದು ಜೆರಾಕ್ಸ್ ಹಾಳೆ ಕೊಡುತ್ತಾರೆ. ಸಾಹಿತ್ಯ ಯಾರದು, ಟ್ಯೂನ್ ಯಾರದು, ಬೀಟ್ (ಹಾಡಿನ ಹಿಂದೆ ಓಡುವ ತಾಳ, ವಾದ್ಯ) ಯಾರದು, ಹಾಡಿದವರು ಯಾರು, ರೆಕಾರ್ಡಿಂಗ್, ಮಿಕ್ಸಿಂಗ್ (ದನಿ, ವಾದ್ಯ ಹದವಾಗಿ ಸೇರಿಸುವುದು), ಮಾಸ್ಟರಿಂಗ್ (ಸೇರಿಸಿದ ಹಾಡಿಗೆ ಕೊನೆಯ ಹದ ಕೊಡುವುದು) ಯಾರು. ಹಣ ಹಾಕಿದವರಿಗೂ ಒಂದು ಬೇರೆ ಕಾಲಂ ಇದೆ. ಬಲಗಡೆ ಯಾರಿಗೆ ಶೇಕಡಾ ಎಷ್ಟು ಪಾಲು ಅಂತ ಬರೆಯಬೇಕು, ಕೆಳಗೆ ಎಲ್ಲರೂ ಸಹಿ ಹಾಕಬೇಕು. ಅದು ತುಂಬಿ ಬರುವವರೆಗೂ ಮೈಕ್ ಆನ್ ಆಗಲ್ಲ. ಜೆರಾಕ್ಸಿನ ಜೆರಾಕ್ಸ್ ತೆಗೆದೂ ತೆಗೆದೂ ಅಕ್ಷರ ಮಾಸಿಹೋಗಿತ್ತು, ಗೆರೆ ಎಲ್ಲಾ ಸೊಟ್ಟ. ನನ್ನ ಕೈ ಸುಮ್ಮನಿರಲಿಲ್ಲ, ಮಾರನೇ ದಿನ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ನೀಟಾಗಿ ಒಂದು ಫಾರಂ ಮಾಡಿಕೊಟ್ಟೆ. ಈಗ ಅಲ್ಲಿ ಸಿಗುವುದು ಅದೇ.

ಈ ಹಾಳೆ ಯಾಕೆ ಮುಖ್ಯ ಅಂತ ಅರ್ಥ ಆಗಬೇಕಾದರೆ ನಮ್ಮ ಎರಡನೇ ಹಾಡಿನ ಕಥೆ ಕೇಳಬೇಕು. ಆಲೂಗಡ್ಡೆ ಮೇಲಿನ ಹಾಡು ಅದು. ನಗಬೇಡಿ. ಹಾಸನದ ರೈತನಿಗೆ ಆಲೂಗಡ್ಡೆ ಅಂದರೆ ಜೂಜು. ಪಂಜಾಬಿನ ಜಲಂಧರದಿಂದ ಬಿತ್ತನೆ ಗಡ್ಡೆ ಎಪಿಎಂಸಿಗೆ ಬರುತ್ತೆ, ಸಾಲ ಮಾಡಿ ತರುತ್ತಾರೆ, ಮಳೆ ಜಾಸ್ತಿಯಾಗಿ ಅಂಗಮಾರಿ ಬಿದ್ದರೆ ಹೊಲಕ್ಕೆ ಹೊಲವೇ ಕಪ್ಪಾಗುತ್ತೆ. ನಾನು ಬರೆದಿದ್ದ ಸಾಲು 'ಜಲಂಧರದ ಬೀಜ, ಸೊಸೈಟಿ ಸಾಲ' ಅಂತ. ಅದಕ್ಕೆ ಜೋಡಿ ಸಾಲು ಸಿಗುತ್ತಲೇ ಇರಲಿಲ್ಲ. ಮೊದಲ ವರ್ಸ್ (ಹಾಡಿನ ಚರಣ) ಹೇಳುವ ಹುಡುಗನ ಊರು ದುದ್ದದ ಕಡೆ. ಅವನ ಮನೆಯಲ್ಲಿ ಕೂತು ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆವು. ಜಗಲಿ ಮೇಲೆ ಕೂತಿದ್ದ ಅವರಪ್ಪ ಬೀಡಿ ಹಚ್ಚುತ್ತಾ, 'ಅಂಗಮಾರಿ ಬಂದ್ರೆ ಮುಗೀತು ಕಾಲ' ಅಂದುಬಿಟ್ಟರು. ಅಳತೆ ಹಾಕಿದ ಹಾಗೆ ಕೂತಿತು. ಜನ ಈ ಹಾಡಲ್ಲಿ ನೆನಪಿಟ್ಟುಕೊಂಡಿರುವುದು ಆ ಸಾಲನ್ನೇ.

ಹಾಳೆಯಲ್ಲಿ ಸಾಹಿತ್ಯದ ಮುಂದೆ ನಮ್ಮಿಬ್ಬರ ಹೆಸರು ಬರೆದಾಗ ಸ್ಟುಡಿಯೋದವರು ಸಾಲು ಸಾಲಾಗಿ ಕೇಳುತ್ತಾ ಹೋದರು. ಇದು ಯಾರು ಬರೆದದ್ದು, ಇದು ಯಾರು. ಆ ಸಾಲಿಗೆ ಬಂದಾಗ ಹುಡುಗ 'ಅದು ನಮ್ಮಪ್ಪ ಹೇಳಿದ್ದು ಸಾರ್, ಸುಮ್ನೆ' ಅಂದ. 'ಸುಮ್ನೆ ಏನಿಲ್ಲ, ಅಪ್ಪನ ಹೆಸರು ಬರಿ' ಅಂದರು. ಒಂದೇ ಸಾಲಿಗಾ ಅಂತ ನಾವು. 'ಆ ಸಾಲು ತೆಗೆದು ಹಾಡು ನೋಡೋಣ' ಅಂದರು. ತೆಗೆದರೆ ಹಾಡು ಕುಂಟುತ್ತೆ, ಅದು ನಮಗೂ ಗೊತ್ತು.

ನನಗೆ ಆಗ ನೆನಪಾಗಿದ್ದು ನ್ಯಾಸ್. ಅಮೆರಿಕದ ರ‍್ಯಾಪರ್ ನ್ಯಾಸ್ 1994ರಲ್ಲಿ ಮಾಡಿದ ಇಲ್‌ಮ್ಯಾಟಿಕ್ ಆಲ್ಬಂ ಹಿಪ್-ಹಾಪ್ ಕೇಳುವವರಿಗೆ ಗೊತ್ತಿರುತ್ತೆ. ಅದರಲ್ಲಿ ಒಂದು ಹಾಡಿನ ಕೊನೆಯಲ್ಲಿ ಕಾರ್ನೆಟ್ (ಟ್ರಂಪೆಟ್ ಥರದ ವಾದ್ಯ) ಊದಿರುವುದು ನ್ಯಾಸ್‌ನ ತಂದೆ ಓಲು ದಾರಾ. ಮಗನ ಹಾಡು, ಅಪ್ಪ ಒಂದು ಕೊನೆ ತುಣುಕು ನುಡಿಸಿದರು, ಹೆಸರು ದಾಖಲಾಯಿತು. ಅದೇ ಆಲ್ಬಂನ ಬೀಟ್ ಮಾಡಿದವರ ಪಟ್ಟಿ ನೋಡಿ: ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯು-ಟಿಪ್, ಎಲ್.ಇ.ಎಸ್. ಒಬ್ಬ ಹುಡುಗನ ಮೊದಲ ಆಲ್ಬಂಗೆ ಇಷ್ಟು ಜನ. ಯಾವ ಹಾಡು ಯಾರ ಕೈ ಅಂತ ಕ್ರೆಡಿಟ್ ಓದಿಯೇ ನಾನು ಆ ಒಬ್ಬೊಬ್ಬರ ಬೇರೆ ಕೆಲಸ ಹುಡುಕಿಕೊಂಡು ಹೋದದ್ದು. ಹಾಡುಗಾರನ ಹೆಸರು ಮಾತ್ರ ಇದ್ದಿದ್ದರೆ ಆ ದಾರಿಯೇ ಸಿಗುತ್ತಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆವು. ನಿಮ್ಮ ಹೆಸರು ಹಾಕ್ತಾ ಇದ್ದೀವಿ, ಶೇಕಡಾ 5 ನಿಮಗೆ ಅಂದೆ. 'ಒಂದು ಮಾತಿಗೆ ದುಡ್ಡಾ? ಅಂಗಮಾರಿಗೆ ಔಷಧಿ ಹೊಡೆಯೋಕಾದ್ರೂ ಆಗುತ್ತೇನಪ್ಪಾ?' ಅಂತ ಕೇಳಿದರು. ಆಗಲ್ಲ, ಸದ್ಯಕ್ಕಂತೂ ಒಂದು ಟೀಗೂ ಆಗಲ್ಲ. ಆದರೂ ಎಪಿಎಂಸಿಗೆ ಬಂದ ದಿನ ಸ್ಟುಡಿಯೋ ಮೆಟ್ಟಿಲು ಹತ್ತಿ ಸಹಿ ಹಾಕಿ ಹೋದರು.

ನಿಜವಾದ ಜಗಳ ಆಗಿದ್ದು ಹುಕ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿಯ ವಿಷಯಕ್ಕೆ. ಬೀಟ್ ಮಾಡಿದ್ದು ನಮ್ಮ ತಂಡದ ಹುಡುಗ, 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು), ತಮಟೆಯ ಸದ್ದು ಇಟ್ಟುಕೊಂಡು ಚೆನ್ನಾಗಿಯೇ ಮಾಡಿದ್ದಾನೆ. ಆದರೆ ಹುಕ್‌ನ ಟ್ಯೂನ್ ಅವನದಲ್ಲ, ಅವನ ತಂಗಿಯದು. ಅವನು ಮನೆಯಲ್ಲಿ ಬೀಟ್ ಹಾಕಿಕೊಂಡು ಕೂತಿದ್ದಾಗ ಅವಳು ಅತ್ತಿಂದಿತ್ತ ಓಡಾಡುತ್ತಾ ಗುನುಗಿದ್ದಳಂತೆ, ಇವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಹಾಳೆಯಲ್ಲಿ ಮಾತ್ರ ಟ್ಯೂನ್ ಕಾಲಂನಲ್ಲಿ ತನ್ನ ಹೆಸರೇ ಬರೆದ. ತಂಡದಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೋ ಬಾಯಿಬಿಟ್ಟರು. 'ಅವಳು ಸುಮ್ನೆ ಗುನುಗಿದ್ದು, ಬೀಟ್ ಇಲ್ದೆ ಆ ಟ್ಯೂನ್ ಬರ‍್ತಾನೇ ಇರ‍್ಲಿಲ್ಲ' ಅಂತ ಇವನ ವಾದ.

ಸ್ಟುಡಿಯೋದವರು ವಾದಕ್ಕೆ ಹೋಗಲಿಲ್ಲ. ನಾವು ಹಾಕಿಟ್ಟಿದ್ದ ಡೆಮೊ ತೆರೆದರು. ಬೀಟ್ ಮ್ಯೂಟ್ ಮಾಡಿ ಹುಕ್ ಮಾತ್ರ ಕೇಳಿಸಿದರು. ಬರೀ ದನಿ, ಆದರೂ ಇದು ಅದೇ ಹಾಡು ಅಂತ ಗೊತ್ತಾಗುತ್ತಿತ್ತು. ಆಮೇಲೆ ದನಿ ಮ್ಯೂಟ್ ಮಾಡಿ ಬೀಟ್ ಮಾತ್ರ ಹಾಕಿದರು. ಒಳ್ಳೆ ಬೀಟೇ. ಆದರೆ ಅದರ ಮೇಲೆ ಬೇರೆ ಯಾವ ಹಾಡು ಬೇಕಾದರೂ ಕೂರಬಹುದಿತ್ತು. ಹುಡುಗ ಸ್ವಲ್ಪ ಹೊತ್ತು ಹೆಡ್‌ಫೋನ್ ವೈರ್ ಸುತ್ತುತ್ತಾ ಕೂತ. ಆಮೇಲೆ 'ಆಯ್ತು, ಎಷ್ಟು ಕೊಡೋದು' ಅಂದ.

ಲೆಕ್ಕ ಹೀಗೆ ಆಯಿತು. ಸಾಹಿತ್ಯಕ್ಕೆ ಅರ್ಧ, ಸಂಗೀತಕ್ಕೆ ಅರ್ಧ. ಹಿಪ್-ಹಾಪ್‌ನಲ್ಲಿ ಇದೇ ಸಾಮಾನ್ಯ ರೂಢಿ, ಬೀಟ್ ಮಾಡಿದವನೂ ಹಾಡು ಬರೆದವರಲ್ಲಿ ಒಬ್ಬ. ಸಾಹಿತ್ಯದ 50ರಲ್ಲಿ ನನಗೆ 30, ವರ್ಸ್ ಹುಡುಗನಿಗೆ 15, ಅವರಪ್ಪನಿಗೆ 5. ಸಂಗೀತದ 50ರಲ್ಲಿ ಬೀಟ್‌ಗೆ 35, ತಂಗಿಗೆ 15. ನನ್ನನ್ನು ಕೇಳಿದರೆ ತಂಗಿಗೆ 20 ಕೊಡಬೇಕಿತ್ತು. ಹೇಳಿದೆ, ಯಾರೂ ಕೇಳಲಿಲ್ಲ. ಅವಳು ಸಹಿ ಹಾಕಲು ಬಂದಾಗ ನಾಚಿಕೊಂಡು 'ನನ್ ಹೆಸರು ಯಾಕಣ್ಣಾ' ಅನ್ನುತ್ತಾಳೆ ಅಂದುಕೊಂಡಿದ್ದೆವು. ಅವಳು ಹಾಳೆ ಪೂರ್ತಿ ಓದಿ, 'ಇನಿಷಿಯಲ್ ಬಿಟ್ಟಿದ್ದೀರ, ಆಧಾರ್‌ನಲ್ಲಿ ಇರೋ ಥರ ಬರೀರಿ' ಅಂದಳು. ಈ ತಂಡದಲ್ಲಿ ಸ್ವಲ್ಪ ಬುದ್ಧಿ ಇರುವುದು ಅವಳಿಗೇ ಅನ್ನಿಸಿತು.

ಹೆಸರು ಬಿಡುವುದು ಈ ಕಲೆಗೆ ಹುಟ್ಟಿನಿಂದ ಬಂದ ಕಾಯಿಲೆ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ರ‍್ಯಾಪರ್ಸ್ ಡಿಲೈಟ್ ಬಂತು, ರ‍್ಯಾಪನ್ನು ಊರೂರಿಗೆ ಮುಟ್ಟಿಸಿದ ಹಾಡು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಹೇಳಿರುವ ಸಾಲುಗಳನ್ನು ಬರೆದದ್ದು ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್. ಎಷ್ಟು ಗಡಿಬಿಡಿಯಲ್ಲಿ ಎತ್ತಿಕೊಂಡಿದ್ದಾರೆ ಅಂದರೆ, ಕ್ಯಾಝ್ ತನ್ನ ಹಳೇ ಹೆಸರು ಕ್ಯಾಸನೋವಾ ಫ್ಲೈ ಅನ್ನುವುದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಸಾಲೂ ಹಾಗೇ ಉಳಿದುಬಿಟ್ಟಿದೆ. ಹಾಡಿನಲ್ಲಿ ಹೆಸರಿದೆ, ಕ್ರೆಡಿಟ್ಟಿನಲ್ಲಿ ಇಲ್ಲ. ಅದೇ ಹಾಡಿನ ಸಂಗೀತಕ್ಕೆ ಆಧಾರ ಷಿಕ್ ತಂಡದ ಗುಡ್ ಟೈಮ್ಸ್. ಆ ತಂಡದ ನೈಲ್ ರಾಡ್ಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಕೇಸ್ ಹಾಕುತ್ತೇವೆ ಅಂದಮೇಲೆ ಅವರ ಹೆಸರು ಬಂತು. ಕೇಳುವ ಶಕ್ತಿ ಇದ್ದವರಿಗೆ ಸಿಕ್ಕಿತು, ಇಲ್ಲದವನಿಗೆ ಇಲ್ಲ. ನಮ್ಮ ತಂಡದ ಹುಡುಗರಿಗೆ ಇದನ್ನು ಹೇಳಿದಾಗ ಬೀಟ್ ಹುಡುಗನೇ ಜಾಸ್ತಿ ಕೋಪ ಮಾಡಿಕೊಂಡ. ತಂಗಿ ಪಕ್ಕದಲ್ಲೇ ಕೂತು ನಗುತ್ತಿದ್ದಳು.

ಇನ್ನೊಂದು ಹಾಡಿನಲ್ಲಿ ನಾವು ಒಂದು ಹಳೇ ಸಿನಿಮಾ ಹಾಡಿನ ವಯಲಿನ್ ತುಣುಕು ಇಟ್ಟುಕೊಂಡಿದ್ದೆವು. ಎರಡೇ ಸೆಕೆಂಡು, ಯಾರಿಗೆ ಗೊತ್ತಾಗುತ್ತೆ ಅಂತ. ಸ್ಟುಡಿಯೋದವರು ಒಪ್ಪಲಿಲ್ಲ. ಹಿಂದಿ ಸಿನಿಮಾ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಪ್ರಕರಣ ಹೇಳಿದರು. 1981ರ ಜ್ಯೋತಿ ಚಿತ್ರಕ್ಕೆ ಅವರು ಮಾಡಿದ, ಲತಾ ಮಂಗೇಶ್ಕರ್ ಹಾಡಿದ ಹಾಡನ್ನು 2002ರಲ್ಲಿ ಅಮೆರಿಕದ ಬೀಟ್ ಮಾಡುವ ಡಿಜೆ ಕ್ವಿಕ್ ಎತ್ತಿ ಟ್ರುತ್ ಹರ್ಟ್ಸ್ ಅನ್ನುವ ಗಾಯಕಿಯ ಅಡಿಕ್ಟಿವ್ ಹಾಡಿಗೆ ಹಾಕಿದ. ಅಮೆರಿಕದಲ್ಲಿ ದೊಡ್ಡ ಹಿಟ್. ವಿಷಯ ಲಾಸ್ ಏಂಜಲೀಸ್ ಕೋರ್ಟಿಗೆ ಹೋಗಿ, ಬಪ್ಪಿ ಹೆಸರು ಹಾಕದೆ ಸಿಡಿ ಮಾರಬಾರದು ಅಂತ ಆದೇಶ ಬಂತು. ಡಿಟಿಪಿ ಮಾಡುವವನಾಗಿ ನನಗೆ ಈ ತೀರ್ಪು ಬಹಳ ಇಷ್ಟ. ಮುದ್ರಣ ಆದಮೇಲೆ ಹೆಸರು ಸೇರಿಸಿ ಅಂತ ಗಿರಾಕಿ ಹೇಳಿದರೇ ತಲೆ ಕೆಡುತ್ತೆ, ಇನ್ನು ಜಡ್ಜ್ ಹೇಳಿದರೆ?

ಬೀಟ್ ಹುಡುಗ ಒಂದು ಉಪಾಯ ಹೇಳಿದ, ಆ ತುಣುಕು ಕತ್ತರಿಸಿ ಹಾಕುವ ಬದಲು ನಾವೇ ಕೀಬೋರ್ಡಿನಲ್ಲಿ ನುಡಿಸೋಣ ಅಂತ. ಅರ್ಧ ತೊಂದರೆ ಮಾತ್ರ ಹೋಗುತ್ತೆ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತೆ. ಸಾಹಿತ್ಯ ಮತ್ತು ಟ್ಯೂನಿನದ್ದು ಒಂದು, ಆ ರೆಕಾರ್ಡಿಂಗಿನದ್ದು ಇನ್ನೊಂದು. ನಾವೇ ನುಡಿಸಿದರೆ ರೆಕಾರ್ಡಿಂಗಿನ ತಕರಾರು ಇರಲ್ಲ, ಟ್ಯೂನಿನ ತಕರಾರು ಹಾಗೇ ಇರುತ್ತೆ. ಕೊನೆಗೆ ಆ ವಯಲಿನ್ ತೆಗೆದು ಕೊಳಲು ಹಾಕಿದೆವು. ಹಾಡು ಸ್ವಲ್ಪ ಸಪ್ಪೆ ಆಯಿತು, ಸುಳ್ಳು ಹೇಳಲ್ಲ. ಕೋಲಾಟದ ಪದ ಒಂದನ್ನು ಬಳಸಿದ್ದೆವು, ಅದಕ್ಕೂ 'ಇದು ನಿಜವಾಗ್ಲೂ ಜನಪದವಾ, ಇಲ್ಲ ಯಾರಾದ್ರೂ ಬರೆದು ಜನಪದ ಅಂತ ಓಡಾಡ್ತಿರೋದಾ' ಅಂತ ಕೇಳಿದರು. ಒಳ್ಳೆ ಪ್ರಶ್ನೆ. ಇಂಟರ್ನೆಟ್ಟಿನಿಂದ ಇಳಿಸಿದ 'ಫ್ರೀ' ಬೀಟ್ ತಂದರೆ ಲೈಸೆನ್ಸ್ ಎಲ್ಲಿ ಅಂತಾರೆ. ಅಲ್ಲಿ ಫ್ರೀ ಅಂದರೆ ಸಾಮಾನ್ಯವಾಗಿ ದುಡ್ಡು ಮಾಡದ ಬಳಕೆಗೆ ಮಾತ್ರ. ಅಪ್‌ಲೋಡ್ ಮಾಡಿ ದುಡ್ಡು ಬರಬೇಕು ಅಂದರೆ ದುಡ್ಡು ಕೊಟ್ಟು ಲೀಸ್ (ಬಳಸುವ ಅನುಮತಿ) ತಗೋಬೇಕು, ಬೀಟ್ ಮಾಡಿದವನ ಹೆಸರು ಹಾಕಬೇಕು.

ಕಾನೂನಿನ ವಿಷಯ ಸ್ಟುಡಿಯೋದವರಿಗೆ ಅಷ್ಟಾಗಿ ಗೊತ್ತಿಲ್ಲ, ಅದನ್ನು ನಾನೇ ಓದಿಕೊಂಡೆ. ಸಾಹಿತ್ಯ ಬರೆಯುವ ಹುಡುಗರಿಗಾಗಿ ಇಲ್ಲಿ ಹೇಳುತ್ತೇನೆ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದವರು ಹಿಂದಿ ಚಿತ್ರಸಾಹಿತಿ ಜಾವೇದ್ ಅಖ್ತರ್. ಈಗ ಸಾಹಿತ್ಯ, ಸಂಗೀತ ಮಾಡಿದವರು ತಮ್ಮ ರಾಯಲ್ಟಿ ಪಾಲನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರಲ್ಲ. 57ನೇ ಸೆಕ್ಷನ್ ಪ್ರಕಾರ ಹಕ್ಕು ಮಾರಿದ ಮೇಲೂ 'ಇದು ನಾನು ಬರೆದದ್ದು' ಅಂತ ಹೇಳುವ ಹಕ್ಕು ನಮ್ಮದೇ. ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಐಪಿಆರ್‌ಎಸ್ 1969ರಿಂದ ಇದೆ. ಇಷ್ಟೆಲ್ಲಾ ಇದ್ದರೂ ಯಾರು ಬರೆದದ್ದು ಅನ್ನುವುದಕ್ಕೆ ಒಂದು ಕಾಗದ ಇಲ್ಲದಿದ್ದರೆ ಏನು ತೋರಿಸುತ್ತೀರಿ? ವಾಟ್ಸಾಪ್ ಮೆಸೇಜಾ?

ಈಗ ದೂರು. ದೊಡ್ಡದನ್ನೇ ಮೊದಲು ಹೇಳುತ್ತೇನೆ. ಎಲ್ಲರ ಹೆಸರು ಕೇಳುವ ಈ ಸ್ಟುಡಿಯೋದಲ್ಲಿ ಒಬ್ಬ ಸಹಾಯಕ ಹುಡುಗ ಇದ್ದಾನೆ. ನಾವು ಮನೆಗೆ ಹೋದಮೇಲೆ ಕೂತು ಟೇಕ್‌ಗಳನ್ನು ಜೋಡಿಸುವುದು, ಉಸಿರಿನ ಸದ್ದು ತೆಗೆಯುವುದು, ಸಾಲಿನ ಮಧ್ಯೆ ಹಾಕುವ ಕೂಗು, ಉದ್ಗಾರದಂಥ ಆಡ್-ಲಿಬ್‌ಗಳನ್ನು ಬೀಟಿಗೆ ಸರಿಯಾಗಿ ಕೂರಿಸುವುದು ಎಲ್ಲಾ ಅವನೇ. ನಮ್ಮ ಮೂರನೇ ಹಾಡಿನಲ್ಲಿ ವರ್ಸ್ ಹುಡುಗನ ಉಸಿರು ಕೆಟ್ಟು ಲಯ ತಪ್ಪಿದ್ದ ನಾಲ್ಕು ಬಾರ್ (ತಾಳದ ಆವರ್ತ) ಸರಿ ಮಾಡಿದ್ದೂ ಅವನೇ. ಹಾಳೆಯಲ್ಲಿ ಅವನಿಗೆ ಜಾಗವೇ ಇರಲಿಲ್ಲ. ಕೇಳಿದರೆ ಯಜಮಾನರು 'ಅವನು ನಮ್ಮ ಹುಡುಗ ಅಲ್ವಾ, ಸಂಬಳ ಕೊಡ್ತೀನಿ' ಅಂದರು. ಸಂಬಳ ಬೇರೆ, ಹೆಸರು ಬೇರೆ ಅಂತ ಅಷ್ಟು ಹೊತ್ತು ನಮಗೆ ಪಾಠ ಹೇಳಿದವರು ಅವರೇ! ನಾನು ಫಾರಂ ಹೊಸದಾಗಿ ಮಾಡಿದಾಗ 'ವೋಕಲ್ ಎಡಿಟಿಂಗ್' ಅಂತ ಒಂದು ಕಾಲಂ ಸೇರಿಸಿದೆ. ಅವರು ನೋಡಿದರು, ಏನೂ ಅನ್ನಲಿಲ್ಲ, ತೆಗೆಯಿರಿ ಅಂತಲೂ ಹೇಳಲಿಲ್ಲ. ನಮ್ಮ ಆರೂ ಹಾಡಿನಲ್ಲಿ ಅವನ ಹೆಸರಿದೆ.

ಸೌಂಡ್ ವಿಷಯಕ್ಕೆ ಬಂದರೆ, ರೆಕಾರ್ಡಿಂಗ್ ಚೆನ್ನಾಗಿದೆ. ಒಳ್ಳೆ ಕಂಡೆನ್ಸರ್ ಮೈಕ್, ಬೂತ್ ಚಿಕ್ಕದಾದರೂ ಎಕೋ ಇಲ್ಲ. ಫ್ಯಾನ್ ಆಫ್ ಮಾಡಬೇಕಾದ್ದರಿಂದ ಬೇಸಿಗೆಯಲ್ಲಿ ಬೆವರು ಇಳಿಯುತ್ತೆ, ಒಂದು ಟವೆಲ್ ತಗೊಂಡು ಹೋಗಿ. ಬೆಳಿಗ್ಗೆ ಹೊತ್ತು ಬುಕ್ ಮಾಡಬೇಡಿ, ಕೆಳಗಿನ ಮನೆಯ ಕುಕ್ಕರ್ ಸೀಟಿ ನಮ್ಮ ಒಂದು ಒಳ್ಳೆ ಟೇಕಿನ ಒಳಗೇ ಕೂತುಬಿಟ್ಟಿತ್ತು. ಮಿಕ್ಸಿಂಗ್ ಪರವಾಗಿಲ್ಲ, ಆದರೆ ಕೇಳದೆಯೇ ಆಟೋಟ್ಯೂನ್ ಹಾಕುವ ಚಾಳಿ ಇದೆ. ಬೇಡ ಅಂತ ಮೊದಲೇ ಹೇಳಿಬಿಡಿ. ಮಾಸ್ಟರಿಂಗ್ ನನಗೆ ಹಿಡಿಸಲಿಲ್ಲ. ಜೋರಾಗಿ ಕೇಳಿಸಬೇಕು ಅಂತ ಎಲ್ಲವನ್ನೂ ಹಿಂಡಿ ಹಾಕುತ್ತಾರೆ, ತಮಟೆಯ ಪೆಟ್ಟು ಚಪ್ಪಟೆಯಾಗುತ್ತೆ. ಸ್ಟ್ರೀಮಿಂಗ್ ಆ್ಯಪ್‌ಗಳು ಜಾಸ್ತಿ ಜೋರಿರುವ ಹಾಡನ್ನು ತಾವೇ ತಗ್ಗಿಸುತ್ತವೆ, ಹಾಗಾಗಿ ಹಿಂಡಿ ಏನೂ ಲಾಭ ಇಲ್ಲ. ಎರಡು ಹಾಡನ್ನು ಮತ್ತೆ ಮಾಡಿಸಿದೆವು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ದರ ಹೇಳುತ್ತೇನೆ. ರೆಕಾರ್ಡಿಂಗ್ ಗಂಟೆಗೆ 600 ರೂಪಾಯಿ, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ಸೇರಿ ಹಾಡಿಗೆ 3,000. ಆ್ಯಪ್‌ಗಳಿಗೆ ಅಪ್‌ಲೋಡ್ ಮಾಡಿಸಿಕೊಡುವುದಕ್ಕೆ ಹಾಡಿಗೆ 800. ಈ 800 ಮೊದಲು ದಂಡ ಅನ್ನಿಸಿತ್ತು, ನಾವೇ ಮಾಡಿಕೊಳ್ಳಬಹುದಲ್ಲ ಅಂತ. ಆದರೆ ಹಾಳೆಯಲ್ಲಿ ಇರುವ ಪ್ರತಿ ಹೆಸರನ್ನೂ ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಫಾರಂನಲ್ಲಿ ಹಾಕುವ ಕೆಲಸ ಇದೆಯಲ್ಲ, ಅದಕ್ಕೆ ತಾಳ್ಮೆ ಬೇಕು. ಬರೆದವರ ಜಾಗದಲ್ಲಿ ಎಂಸಿ ಅದು ಇದು ಅಂತ ಸ್ಟೇಜ್ ಹೆಸರು ಹಾಕುವಂತಿಲ್ಲ, ನಿಜ ಹೆಸರು ಪೂರ್ತಿ ಬೇಕು. ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಹಾಡಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೆ ಒಬ್ಬನೇ ಮನುಷ್ಯ ಇಬ್ಬರಾಗಿಬಿಡುತ್ತಾನೆ. ಹಾಡಿನ ರೆಕಾರ್ಡಿಂಗಿಗೆ ಸಿಗುವ, ಅಕ್ಷರ ಅಂಕಿ ಸೇರಿ 12 ಇರುವ ಐಎಸ್‌ಆರ್‌ಸಿ ಕೋಡ್ ಬರೆದಿಟ್ಟುಕೊಳ್ಳಿ, ಮುಂದೆ ಯಾವ ತಕರಾರಿಗೂ ಅದೇ ಗುರುತು. ನಮ್ಮ ಒಂದು ಹಾಡು ನಮ್ಮದೇ ಹೆಸರಿನ ಬೇರೆ ಯಾರದ್ದೋ ಪೇಜಿಗೆ ಹೋಗಿ ಕೂತಿತ್ತು, ಡಿಸ್ಟ್ರಿಬ್ಯೂಟರ್ ಕಡೆಯವರು ಸರಿ ಮಾಡಲು ತಿಂಗಳುಗಟ್ಟಲೆ ತಗೊಂಡರು. ಅದು ಸ್ಟುಡಿಯೋ ತಪ್ಪಲ್ಲ.

ಇಷ್ಟೆಲ್ಲಾ ಮಾಡಿದರೂ ಆ್ಯಪಿನಲ್ಲಿ ಕ್ರೆಡಿಟ್ ಕಾಣಬೇಕಾದರೆ ಮೂರು ಚುಕ್ಕಿ ಒತ್ತಿ, ಕೆಳಗೆ ಸರಿಸಿ, ಮತ್ತೆ ಒತ್ತಬೇಕು. ಯಾರು ಒತ್ತುತ್ತಾರೆ? ಆಕಾಶವಾಣಿಯಲ್ಲಿ ಹಾಡು ಹಾಕುವ ಮುಂಚೆ ಸಾಹಿತ್ಯ ಇವರದು, ಸಂಗೀತ ಇವರದು, ಹಾಡಿದವರು ಇವರು ಅಂತ ಹೇಳುತ್ತಿದ್ದರು, ಕೇಳದೇ ಇದ್ದರೂ ಕಿವಿಗೆ ಬೀಳುತ್ತಿತ್ತು. ನಾವು ಆಲ್ಬಂಗೆ ಒಂದು ಮಡಿಕೆಯ ಕಾರ್ಡ್ ಪ್ರಿಂಟ್ ಮಾಡಿಸಿದೆವು, ನಮ್ಮ ಪ್ರೆಸ್ಸಿನಲ್ಲೇ, 300 ಜಿಎಸ್‌ಎಂ ಆರ್ಟ್ ಕಾರ್ಡಿನಲ್ಲಿ. ಹೊರಗೆ ಕ್ಯುಆರ್ ಕೋಡ್, ಒಳಗೆ ಆರು ಹಾಡಿನ ಪೂರ್ತಿ ಕ್ರೆಡಿಟ್, ಕನ್ನಡದಲ್ಲಿ. ಆಲ್ಬಂಗೆ ಹಣ ಕೊಟ್ಟದ್ದು ವರ್ಸ್ ಹುಡುಗನ ಸೋದರಮಾವ. ಅವರು ಮುಖಪುಟದಲ್ಲಿ ತನ್ನ ಫೋಟೋ ಬೇಕು ಅಂತ ಹಟ ಮಾಡಿದರು, ಒಳಪುಟದಲ್ಲಿ ಹೆಸರು ಸ್ವಲ್ಪ ದಪ್ಪಕ್ಷರದಲ್ಲಿ ಹಾಕಿ ಸಮಾಧಾನ ಮಾಡಿದೆ. 'ರೆಕಾರ್ಡಿಂಗ್ ಆದ ಸ್ಥಳ' ಅನ್ನುವ ಜಾಗದಲ್ಲಿ ಏನು ಹಾಕೋದು ಅಂತ ಸ್ಟುಡಿಯೋದವರನ್ನು ಕೇಳಿದರೆ 'ಸಾಲಗಾಮೆ ರಸ್ತೆ ಅಂತ ಹಾಕಿ ಸಾಕು' ಅಂದರು.

ಹೋಗುವವರಿಗೆ ಒಂದೆರಡು ಮಾತು. ಶನಿವಾರ, ಭಾನುವಾರ ಪ್ರೀವೆಡ್ಡಿಂಗ್ ಹಾಡಿನವರ ಗದ್ದಲ, ವಾರದ ಮಧ್ಯ ಹೋಗಿ. ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಿ ಬೇಡವೇ ಬೇಡ, ಊರಲ್ಲಿ ಗಾಡಿ ಓಡಾಡಲು ಜಾಗ ಇರಲ್ಲ. ಅಡ್ವಾನ್ಸ್ 500 ಕೇಳುತ್ತಾರೆ, ವಾಪಸ್ ಕೊಡಲ್ಲ. ಮಿಕ್ಸ್ ಆದ ದಿನವೇ ದನಿ, ವಾದ್ಯ ಬೇರೆ ಬೇರೆಯಾಗಿ ಇರುವ ಎಲ್ಲಾ ಸ್ಟೆಮ್ ಫೈಲ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಮೂರು ತಿಂಗಳ ಮೇಲೆ ಅವರ ಹತ್ತಿರ ಇರುವುದಿಲ್ಲ. ಸಹಿ ಹಾಕಿದ ಹಾಳೆಯ ಜೆರಾಕ್ಸ್ ಎಲ್ಲರೂ ಒಂದೊಂದು ಇಟ್ಟುಕೊಳ್ಳಿ. ಮೂಲ ಪ್ರತಿ ಸ್ಟುಡಿಯೋದ ಫೈಲಿನಲ್ಲಿರುತ್ತೆ, ಆ ಫೈಲ್ ಕಿಟಕಿ ಪಕ್ಕದಲ್ಲೇ ಇದೆ, ಮಳೆಗಾಲದಲ್ಲಿ ಆ ಕಿಟಕಿ ಸೋರುತ್ತೆ.